ಶಾಂತಿಯ ಹೋರಾಟದಿಂದಲೇ ಹಕ್ಕು ಸಿಗುತ್ತದೆಯೇ?

ಪರ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಶುರುವಾಗಿದ್ದು ಭತ್ತ ಅಳೆಯುವ ಕೊಳಗದಿಂದ. ಉಳುವವರು ಭೂ ಒಡೆಯರಿಗೆ ಕೊಡುವ ಗೇಣಿ ಭತ್ತ ಅಳೆಯುವಾಗ ಒಡೆಯರ ಕಡೆಯವರು ದೊಡ್ಡ ಕೊಳಗ ಹಿಡಿಯುತ್ತಿದ್ದರು. ಲೆಕ್ಕಕ್ಕೆ ಒಂದು ಕೊಳಗ, ಹೋಗುತ್ತಿದ್ದುದು ಜಾಸ್ತಿ. ಸರ್ಕಾರಿ ಅಳತೆಯಲ್ಲೇ ಕೊಡುತ್ತೇವೆ ಎಂದು ಗೇಣಿದಾರರು ಪಟ್ಟು ಹಿಡಿದರು. ಒಡೆಯರು ಗದ್ದೆಯನ್ನೇ ಬಿಡಿಸಿಕೊಂಡರು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ನೇಗಿಲು ಹಿಡಿದು ಗದ್ದೆಗೆ ಇಳಿದರು. ಪೊಲೀಸರು ಒಂದು ತಂಡವನ್ನು ಹಿಡಿದರೆ ಇನ್ನೊಂದು ತಂಡ ಬಂತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು.

ಕೈಯಲ್ಲಿ ಬಡಿಗೆ ಇದ್ದಿದ್ದರೆ ಇದು ಬರೀ ಗಲಾಟೆ ಕೇಸು ಆಗುತ್ತಿತ್ತು. ನೇಗಿಲು ಹಿಡಿದವನನ್ನು ಎಳೆದೊಯ್ಯುವಾಗ ನೋಡಿದವರಿಗೆಲ್ಲ ಒಂದು ಪ್ರಶ್ನೆ ಹುಟ್ಟಿತು: ಗದ್ದೆ ಉಳುವವನದ್ದಲ್ಲದೆ ಮತ್ಯಾರದ್ದು? ಮರುವರ್ಷವೇ ಈ ಹೋರಾಟದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಚುನಾವಣೆ ಗೆದ್ದು ಆ ಪ್ರಶ್ನೆಯನ್ನು ವಿಧಾನಸಭೆಗೆ ಒಯ್ದರು.

ಅದೇ ಜಿಲ್ಲೆಯ ಈಸೂರನ್ನು ನೋಡಿ. 1942ರಲ್ಲಿ ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಇನ್ಸ್‌ಪೆಕ್ಟರ್ ಮಾಡಿ ಊರವರು ತಮ್ಮದೇ ಸರ್ಕಾರ ನಡೆಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದರು. ಈ ಗೇಲಿಗೆ ಸರ್ಕಾರದ ಬಳಿ ಉತ್ತರವಿರಲಿಲ್ಲ. ಆದರೆ ನಿಜವಾದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಜನರ ಕೈಯಲ್ಲಿ ಸತ್ತ ಮೇಲೆ ಉತ್ತರ ಸಿಕ್ಕಿತು. ಊರು ಲೂಟಿಯಾಯಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು.

ವಿರೋಧ

ಕಾಗೋಡಿನ ಕತೆಯನ್ನು ಗೋಪಾಲಗೌಡರ ಗೆಲುವಿಗೇ ನಿಲ್ಲಿಸಿದರೆ ಕೇಳಲು ಚೆನ್ನ. ಗೇಣಿದಾರನಿಗೆ ಭೂಮಿ ಸಿಕ್ಕಿದ್ದು ದೇವರಾಜ ಅರಸು ಕಾಲದ 1974ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯಿಂದ, ಅದೂ ಇದು ನಾನು ಉಳುವ ಗದ್ದೆ ಎಂದು ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಂತು. ನಡುವೆ 23 ವರ್ಷ. ತಾಳ್ಮೆ ಇರಲಿ ಅನ್ನೋದು ಹೊಟ್ಟೆ ತುಂಬಿದವರಿಗೆ ಸುಲಭ, ಅಲ್ವಾ?

ಸುಮ್ನೆ ಇದ್ದರೆ ಗುಂಡು ಬೀಳಲ್ಲ ಅಂತಲೂ ಇಲ್ಲ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ ಬರಿಗೈ ಜನರ ಮೇಲೆ ಗುಂಡು ಹಾರಿತು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಸರ್ಕಾರ ಧ್ವಜಕ್ಕೆ ಒಪ್ಪಿದ್ದು ನಿಜ. ಆದರೆ ಎರಡು ದಾರಿಯಲ್ಲೂ ಸಾವಿದೆ. ಶಾಂತಿಯ ದಾರಿಯಲ್ಲಿ ಸಾಯುವವರು ಯಾವಾಗಲೂ ನಮ್ಮವರೇ.

1951ರ ಏಪ್ರಿಲ್‌ನಲ್ಲೇ ತೆಲಂಗಾಣದ ಪೋಚಂಪಳ್ಳಿಯಲ್ಲಿ ಒಬ್ಬ ಜಮೀನ್ದಾರರು ಗಾಂಧಿವಾದಿ ವಿನೋಬಾ ಭಾವೆಯವರಿಗೆ, ಭೂಮಿಯಿಲ್ಲದವರಿಗೆಂದು, 100 ಎಕರೆ ದಾನ ಕೊಟ್ಟರು. ಮನಸ್ಸು ಕರಗಿತು ಅನ್ನುತ್ತಾರೆ. ಕರಗಿರಲೂಬಹುದು. ಆದರೆ 1946ರಿಂದ ಆ ಸೀಮೆಯಲ್ಲಿ ರೈತರು ಬಂದೂಕು ಹಿಡಿದು ಜಮೀನು ಹಂಚಿಕೊಂಡಿದ್ದರು. ಆ ಹೆದರಿಕೆ ಇಲ್ಲದಿದ್ದರೆ ವಿನೋಬಾ ಆ ಕಡೆ ಹೋಗುತ್ತಲೂ ಇರಲಿಲ್ಲ.

ಬಂದೂಕು ಹಿಡಿದವರೂ 1951ರ ಅಕ್ಟೋಬರ್‌ನಲ್ಲಿ ಹೋರಾಟ ನಿಲ್ಲಿಸಿದರು, ಅದನ್ನು ಮುಚ್ಚಿಡಬೇಕಿಲ್ಲ. ಅಷ್ಟರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ 1949ರಲ್ಲೇ ಜಾಗೀರು (ಅರಸರು ಕೊಟ್ಟ ಭೂ ಒಡೆತನ) ರದ್ದಾಗಿತ್ತು, 1950ರಲ್ಲಿ ಗೇಣಿ ಕಾಯ್ದೆ ಬಂದಿತ್ತು. ರಾಯಚೂರು, ಕಲಬುರಗಿ, ಬೀದರ್ ಆಗ ಹೈದರಾಬಾದಿಗೇ ಸೇರಿದ್ದವು. ಅಲ್ಲಿಯ ಗೇಣಿದಾರನಿಗೆ ಕಾಯ್ದೆ ಬಂದಾಗ ಕಾಗೋಡಿನವರು ಇನ್ನೂ ಕೊಳಗದ ಜಗಳದಲ್ಲೇ ಇದ್ದರು.