ಡೇಟಮ್, ಪ್ರೊಜೆಕ್ಷನ್‌ಗಳಿಗೆ ಇನ್ನಷ್ಟು ಜಾಗ ಬೇಕಿತ್ತು

ಡಿಜಿಟಲ್ ನಕಾಶೆಯ ಮುಖ್ಯ ಪದಗಳನ್ನು ಪರಿಚಯಿಸುವ ಲೇಖನವೊಂದನ್ನು ಓದಿದೆ. ಅದರಲ್ಲಿ ಲೇಯರ್ (ನಕಾಶೆಯ ಪದರ), ರಾಸ್ಟರ್ (ಪುಟ್ಟ ಚೌಕಗಳಿಂದಾದ ಚಿತ್ರ), ವೆಕ್ಟರ್‌ಗಳ (ಬಿಂದು, ಗೆರೆ, ಆಕೃತಿಗಳ) ವಿವರಣೆ ಸೊಗಸಾಗಿದೆ. ಆದರೆ ಡೇಟಮ್ (ಅಕ್ಷಾಂಶ, ರೇಖಾಂಶಗಳನ್ನು ಅಳೆಯಲು ಆಧಾರವಾಗಿಟ್ಟುಕೊಂಡ ಭೂಮಿಯ ಮಾದರಿ) ಮತ್ತು ಪ್ರೊಜೆಕ್ಷನ್‌ಗಳನ್ನು (ದುಂಡನೆಯ ಭೂಮಿಯನ್ನು ಸಮತಲಕ್ಕೆ ಇಳಿಸುವ ವಿಧಾನಗಳನ್ನು) ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಹೊಸಬರು ಎಡವುವುದು ಅಲ್ಲಿಯೇ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು (ಸ್ಥಳಾಕೃತಿ ನಕಾಶೆಗಳು) ಎವರೆಸ್ಟ್ ಡೇಟಮ್ ಆಧರಿಸಿದ್ದರೆ, ಜಿಪಿಎಸ್ ಕೊಡುವ ಅಕ್ಷಾಂಶ, ರೇಖಾಂಶಗಳು ಡಬ್ಲ್ಯೂಜಿಎಸ್ 84 ಎಂಬ ಬೇರೆ ಡೇಟಮ್‌ನವು. ಪರಿವರ್ತಿಸದೆ ಒಂದರ ಮೇಲೊಂದು ಇಟ್ಟರೆ ಚಿತ್ತಾಪುರದ ತೊಗರಿ ಹೊಲದ ಬದು ಪಕ್ಕದವರ ಹೊಲದೊಳಗೆ ಬಿದ್ದಿರುತ್ತದೆ. ವಿಸ್ತೀರ್ಣದ ಲೆಕ್ಕದಲ್ಲಿ ತೊಡಕು ಪ್ರೊಜೆಕ್ಷನ್‌ನದು. ಡಿಗ್ರಿಗಳಲ್ಲಿರುವ ಲೇಯರನ್ನು ನೇರವಾಗಿ ಸಮತಲದಂತೆ ಅಳೆದರೆ ಉತ್ತರ ಚದರ ಡಿಗ್ರಿಯಲ್ಲಿ ಬರುತ್ತದೆ, ಅದರಿಂದ ಎಕರೆ, ಗುಂಟೆ ತಿಳಿಯುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳು 72ರಿಂದ 78 ಡಿಗ್ರಿ ಪೂರ್ವ ರೇಖಾಂಶಗಳ ನಡುವಿನ ಯುಟಿಎಂ (ಮೀಟರಿನಲ್ಲಿ ಅಳೆಯುವ ಒಂದು ಪ್ರೊಜೆಕ್ಷನ್ ಪದ್ಧತಿ) 43 ಉತ್ತರ ವಲಯದಲ್ಲಿ ಬರುವುದರಿಂದ, ನಕಾಶೆ ತಂತ್ರಾಂಶದಲ್ಲಿ ಆ ವಲಯವನ್ನು ಸೂಚಿಸುವ ಇಪಿಎಸ್‌ಜಿ 32643 ಸಂಕೇತವನ್ನು ಆರಿಸಿ ಲೇಯರನ್ನು ಹೊಸ ಕಡತವಾಗಿ ಉಳಿಸಿಕೊಂಡರೆ ಅಳತೆ ಮೀಟರಿನಲ್ಲಿ ದೊರೆಯುತ್ತದೆ. ಹಳೆಯ ಕಡತಕ್ಕೇ ಈ ಸಂಕೇತವನ್ನು ಅಂಟಿಸುವುದು ಪರಿವರ್ತನೆಯಲ್ಲ. ಅದರಿಂದ ಒಳಗಿನ ಅಂಕಿಗಳು ಬದಲಾಗುವುದಿಲ್ಲ, ಲೇಯರ್ ಮಾತ್ರ ನಕಾಶೆಯಲ್ಲಿ ಎಲ್ಲೋ ದೂರದಲ್ಲಿ ಕಾಣಿಸಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಲೇಖಕರು ಒಂದು ಪರದೆಚಿತ್ರದೊಂದಿಗೆ ಲೇಖನಕ್ಕೆ ಸೇರಿಸಬೇಕೆಂದು ನನ್ನ ಕಳಕಳಿಯ ವಿನಂತಿ.