ಡಾಪ್ಲರ್ ಸ್ಕ್ಯಾನ್ ನಾರ್ಮಲ್ ಬಂತೆಂದು ಹುಡುಗಿಯನ್ನು ಮನೆಗೆ ಕಳಿಸಬೇಡಿ

ಹುಡುಗನ ವೃಷಣ ತಿರುಚಿಕೊಂಡಿರಬಹುದು ಎಂಬ ಸಂಶಯ ಬಂದರೆ ಸಾಕು, ನಡುರಾತ್ರಿಯಾದರೂ ಆಪರೇಷನ್ ಥಿಯೇಟರ್ ಬಾಗಿಲು ತೆರೆಯುತ್ತದೆ. ಅದೇ ತೊಂದರೆ (ಡಾಕ್ಟರ ಮಾತಿನಲ್ಲಿ ಟಾರ್ಷನ್, ಅಂದರೆ ತಿರುಚಿಕೊಳ್ಳುವುದು) ಹುಡುಗಿಯ ಅಂಡಾಶಯಕ್ಕೆ ಬಂದಾಗ ‘ತಿಂಗಳದ್ದ ಇರಬೇಕ್ ಬಿಡ್ರಿ’ ಎಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಹೊಟ್ಟೆಯೊಳಗಿನ ಅಂಗ, ಕಣ್ಣಿಗೆ ಕಾಣುವುದಿಲ್ಲ, ನಿಜ. ಕಾಣುವುದಿಲ್ಲ ಎಂಬ ಕಾರಣಕ್ಕೇ ಸಂಶಯ ಇನ್ನೂ ಬೇಗ ಬರಬೇಕು.

ಮೊದಲು ನೋವಿನ ಲಕ್ಷಣ. ಆಡುತ್ತಿದ್ದ, ಮಲಗಿದ್ದ ಹುಡುಗಿಗೆ ಒಮ್ಮೆಲೇ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಜೋರು ನೋವು, ಅದರ ಬೆನ್ನಿಗೇ ವಾಂತಿ. ಜ್ವರ ಇರುವುದಿಲ್ಲ, ಇದ್ದರೂ ಅಷ್ಟಕ್ಕಷ್ಟೇ. ಒಂದು ತಾಸು ಒದ್ದಾಡಿ, ಆಮೇಲೆ ಕಡಿಮೆಯಾಗಿ, ಮತ್ತೆ ಶುರುವಾಗಬಹುದು. ಹಿಂದಿನ ವಾರವೂ ಹೀಗೇ ಒಮ್ಮೆ ಬಂದು ಹೋಗಿತ್ತು ಎಂದು ತಾಯಿ ಹೇಳಿದರೆ ಆ ಮಾತನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ. ಅಂಡಾಶಯ ಹೊರಳಿ, ತಾನೇ ಬಿಚ್ಚಿಕೊಂಡು, ಮತ್ತೆ ಹೊರಳುವುದುಂಟು. ಮುಟ್ಟಿನ ನೋವು ನಡುವೆ ಇರುತ್ತದೆ, ಸೊಂಟಕ್ಕೆ ಹರಡುತ್ತದೆ, ತಿಂಗಳು ತಿಂಗಳು ಒಂದೇ ರೀತಿ ಬರುತ್ತದೆ. ‘ಈ ಸಲದ್ದು ಬ್ಯಾರೇನ ಐತಿ’ ಎಂದು ಹುಡುಗಿ ಅಂದರೆ ನಂಬಬೇಕು. ಇನ್ನೂ ದೊಡ್ಡವಳಾಗದ ಎಂಟು-ಹತ್ತು ವರ್ಷದ ಮಗುವಿಗೂ ಇದು ಬರುತ್ತದೆ. ಗಂಟು, ನೀರುಗುಳ್ಳೆ ಏನೂ ಇಲ್ಲದ ಆರೋಗ್ಯವಂತ ಅಂಡಾಶಯವೂ ಮಕ್ಕಳಲ್ಲಿ ತಿರುಚಿಕೊಳ್ಳುತ್ತದೆ.

ಬಲಬದಿಯಲ್ಲಿ ಇದು ಹೆಚ್ಚು. ಎಡಕ್ಕೆ ದೊಡ್ಡ ಕರುಳಿನ ಕೊನೆಯ ಭಾಗ ಜಾಗ ತುಂಬಿರುವುದರಿಂದ ಅಲ್ಲಿ ಹೊರಳಲು ಆಸ್ಪದ ಕಡಿಮೆ. ಹೀಗಾಗಿ ಎಲ್ಲರ ಬಾಯಲ್ಲೂ ಮೊದಲು ಬರುವುದು ಅಪೆಂಡಿಕ್ಸ್. ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ, ಕೆಲವು ತಾಸುಗಳ ಮೇಲೆ ಬಲಕ್ಕೆ ಇಳಿದು, ಜ್ವರ ಏರುತ್ತದೆ. ಮೂತ್ರದಲ್ಲಿ ಒಂದಿಷ್ಟು ಬಿಳಿಕಣ ಕಂಡ ಕೂಡಲೇ ಮೂತ್ರದ ಸೋಂಕು ಎಂದು ಆಂಟಿಬಯೋಟಿಕ್ ಬರೆದು ಕೈತೊಳೆದುಕೊಳ್ಳುವುದೂ ತಪ್ಪೇ. ಟಾರ್ಷನ್ ಇದೆ ಅಥವಾ ಇಲ್ಲ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಒಂದೂ ಇಲ್ಲ. ಬಿಳಿರಕ್ತಕಣ ನಾರ್ಮಲ್ ಇದ್ದೂ ಅಂಡಾಶಯ ತಿರುಚಿರಬಹುದು. ಮೈನೆರೆದ ಹುಡುಗಿಗೆ ಮೂತ್ರದ ಗರ್ಭಪರೀಕ್ಷೆ ಮಾತ್ರ ಬಿಡಬಾರದು. ಮನೆಯವರನ್ನು ಹೊರಗೆ ಕೂಡಿಸಿ, ಒಬ್ಬ ಸಿಸ್ಟರ್ ಜೊತೆಗಿಟ್ಟುಕೊಂಡು, ಅವಳ ಹತ್ತಿರ ಸಮಾಧಾನದಿಂದ ಮಾತಾಡಿ.

ಇನ್ನು ಸ್ಕ್ಯಾನಿಂಗ್. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಅಂಡಾಶಯದ ತೊಟ್ಟು ತಿರುಚಿದಾಗ ಮೊದಲು ಮುಚ್ಚುವುದು ತೆಳುಗೋಡೆಯ ಅಭಿಧಮನಿಗಳು. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಅದಕ್ಕೇ ಊತ. ಅಪಧಮನಿಯ ರಕ್ತ ಬಹಳ ಹೊತ್ತು ಹರಿಯಬಹುದು. ಅದೂ ಅಂಡಾಶಯಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ: ಒಂದು ನೇರ ಮಹಾಪಧಮನಿಯಿಂದ, ಇನ್ನೊಂದು ಗರ್ಭಕೋಶದ ನಾಳದಿಂದ. ಹೀಗಿರುವಾಗ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರಿನಲ್ಲಿ ಬಣ್ಣ ಕಂಡರೆ ಅದು ರಕ್ತ ಹರಿಯುತ್ತಿದೆ ಎಂದಷ್ಟೇ ಹೇಳುತ್ತದೆ, ತಿರುಚಿಲ್ಲ ಎಂದು ಹೇಳುವುದಿಲ್ಲ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು ಹದಿಹರೆಯದವರಿಗಾಗಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೂಡ ಇದನ್ನೇ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ನೋಡಬೇಕಾದ್ದು ಏನು? ಗಾತ್ರ. ಎರಡೂ ಬದಿಯ ಅಂಡಾಶಯವನ್ನು ಉದ್ದ, ಅಗಲ, ದಪ್ಪ ಮೂರೂ ಕಡೆ ಅಳೆದು, ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿ. ನೋವಿನ ಬದಿಯದ್ದು 6×5×4 ಸೆಂ.ಮೀ. ಇದ್ದರೆ ಸುಮಾರು 62 ಮಿ.ಲೀ.; ಇನ್ನೊಂದು 3×2×2 ಇದ್ದರೆ ಸುಮಾರು 6 ಮಿ.ಲೀ. ಹತ್ತು ಪಟ್ಟು ವ್ಯತ್ಯಾಸ! ಬಣ್ಣ ಎಷ್ಟೇ ಚಂದ ಕಾಣಲಿ, ಈ ಹುಡುಗಿ ಮನೆಗೆ ಹೋಗುವಂತಿಲ್ಲ. ಮುಟ್ಟು ಶುರುವಾದವಳಲ್ಲಿ ಗಾತ್ರ 20 ಮಿ.ಲೀ. ಒಳಗಿದ್ದರೆ ಟಾರ್ಷನ್ ಸಾಧ್ಯತೆ ಕಡಿಮೆ. ಚಿಕ್ಕವರಲ್ಲಿ ಅಂಡಾಶಯವೇ ಪುಟ್ಟದು, ಹಾಗಾಗಿ ಎರಡೂ ಬದಿ ಹೋಲಿಸುವುದೇ ಮುಖ್ಯ. ಕೋಶಿಕೆಗಳು (ಅಂಡಾಣು ಬೆಳೆಯುವ ಪುಟ್ಟ ಚೀಲಗಳು) ಅಂಚಿಗೆ ಸರಿದು ಸಾಲಾಗಿ ಕಾಣುವುದು, ತೊಟ್ಟಿನಲ್ಲಿ ನಾಳಗಳು ಸುಳಿಯಂತೆ ಸುತ್ತಿರುವುದು, ಅಂಡಾಶಯ ತನ್ನ ಜಾಗ ಬಿಟ್ಟು ನಡುವಿಗೆ ಬಂದಿರುವುದು, ಗರ್ಭಕೋಶ ನೋವಿನ ಬದಿಗೆ ಜಗ್ಗಿರುವುದು, ಇವನ್ನೂ ಹುಡುಕಿ. ‘ರಕ್ತಸಂಚಾರ ಇದೆ’ ಎಂಬ ಒಂದು ಸಾಲು ಬರೆದು ಅಳತೆಯನ್ನೇ ಬರೆಯದ ರಿಪೋರ್ಟ್ ಈ ಕೆಲಸಕ್ಕೆ ಬರುವುದಿಲ್ಲ. ಅಳತೆ ಹಾಕಿ ಕೊಡಿ ಎಂದು ಕೇಳಲು ತಾಯಿ-ತಂದೆಗೂ ಹಕ್ಕಿದೆ.

ಹುಡುಗಿಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುವುದು, ಅದಕ್ಕೆ ಮೂತ್ರಕೋಶ ತುಂಬಿರಬೇಕು. ‘ಒಂದು ಬಾಟ್ಲಿ ನೀರು ಕುಡಿಸಿಕೊಂಡು ಎರಡು ತಾಸು ಬಿಟ್ಟು ಬರ್ರಿ’ ಎನ್ನುವುದು ಇಂಥ ಹೊತ್ತಿನಲ್ಲಿ ಸಲ್ಲದು. ವಾಂತಿ ಮಾಡುತ್ತಿರುವ ಮಗು ಕುಡಿಯುವುದೂ ಇಲ್ಲ, ಆಪರೇಷನ್‌ಗೆ ಬೇಕಾದ ಖಾಲಿ ಹೊಟ್ಟೆಯೂ ಹೋಯಿತು. ಸಲೈನ್ ಹಚ್ಚಿ, ಅದರಿಂದಲೇ ಮೂತ್ರಕೋಶ ತುಂಬಲಿ. ನೋವಿನ ಔಷಧವನ್ನು ತಡೆಹಿಡಿಯಬೇಕಿಲ್ಲ. ನೋವು ಇಳಿದ ಮಾತ್ರಕ್ಕೆ ರೋಗ ಮುಚ್ಚಿಹೋಗುವುದಿಲ್ಲ, ಹುಡುಗಿ ಸರಿಯಾಗಿ ಹೊಟ್ಟೆ ಮುಟ್ಟಿಸಿಕೊಳ್ಳುತ್ತಾಳೆ.

ಮನೆಯಲ್ಲಿ ಬಟ್ಟಿ ಸರಿದಿದೆ ಎಂದು ಹೊಟ್ಟೆ ತಿಕ್ಕಿಸುವುದು, ಹರಳೆಣ್ಣೆ ಕುಡಿಸುವುದು ದಯವಿಟ್ಟು ಬೇಡ. ಚಹಾ, ಬಿಸ್ಕತ್ತು ಕೂಡ ಬೇಡ. ರೋಣ, ಮುಂಡರಗಿ, ಹಾನಗಲ್ಲ, ಹಿರೇಕೆರೂರಿನಂಥ ಕಡೆ ರಾತ್ರಿ ಸ್ಕ್ಯಾನಿಂಗ್ ಸಿಗದಿದ್ದರೆ ಬೆಳಗಾಗಲಿ ಎಂದು ಕಾಯದೆ, ಸಂಶಯದ ಮೇಲೆಯೇ 108ರಲ್ಲಿ ಗದಗ, ಹಾವೇರಿ ಅಥವಾ ಹುಬ್ಬಳ್ಳಿ-ಧಾರವಾಡಕ್ಕೆ ಕಳಿಸಿ. ಕಳಿಸುವ ಡಾಕ್ಟರು ಚೀಟಿಯಲ್ಲಿ ‘ಹೊಟ್ಟೆನೋವು’ ಎಂದಷ್ಟೇ ಬರೆಯದೆ ‘ಅಂಡಾಶಯ ಟಾರ್ಷನ್ ಸಂಶಯ’ ಎಂದು ಬರೆದು, ನೋವು ಶುರುವಾದ ಗಂಟೆಯನ್ನೂ ನಮೂದಿಸಿ, ಫೋನ್ ಮಾಡಿದರೆ ಅಲ್ಲಿ ಕ್ಯೂ ತಪ್ಪುತ್ತದೆ. ತಾಸುಗಳು ಮುಖ್ಯ. ಹಾಗೆಂದು 24 ತಾಸು ದಾಟಿತು, ಇನ್ನೇನು ಉಳಿದೀತು ಎಂದು ಕೈಚೆಲ್ಲುವಂತೆಯೂ ಇಲ್ಲ. ದಾಟಿದ ಮೇಲೂ ಉಳಿದದ್ದಿದೆ.

ಕೊನೆಯ ಖಾತ್ರಿ ಲ್ಯಾಪರೋಸ್ಕೋಪಿಯಲ್ಲೇ. ಹೊಕ್ಕುಳಲ್ಲಿ ಒಂದು ಸಣ್ಣ ತೂತು ಹಾಕಿ ಕ್ಯಾಮೆರಾ ಇಳಿಸಿ ನೋಡುವುದು. ‘ಲಗ್ನಕ್ಕೇನರ ತೊಂದ್ರಿ ಆಕ್ಕೈತೇನ್ರಿ?’ ಎಂಬ ಅಂಜಿಕೆಯಲ್ಲಿ ಸಹಿ ಹಾಕುವುದು ತಡವಾಗುತ್ತದೆ. ತೂತಿನಿಂದ ತೊಂದರೆ ಇಲ್ಲ, ತಡದಿಂದ ಅಂಡಾಶಯ ಹೋಗುತ್ತದೆ. ಒಳಗೆ ಅದು ಕಪ್ಪು-ನೀಲಿಯಾಗಿ ಕಂಡರೂ ಸುತ್ತು ಬಿಚ್ಚಿ ಅಲ್ಲೇ ಬಿಡಬೇಕು. ಸತ್ತಂತೆ ಕಂಡ ಅಂಡಾಶಯಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ, ಮುಂದೆ ಅಂಡಾಣುವನ್ನೂ ಬೆಳೆಸುತ್ತವೆ. ಬಣ್ಣ ನೋಡಿ ಕತ್ತರಿಸಿ ತೆಗೆಯುವ ಹಳೆಯ ರೂಢಿಗೆ ಈಗ ಆಧಾರವಿಲ್ಲ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಯಾವ ಬದಿ, ಎಷ್ಟು ಸುತ್ತು, ಅಂಡಾಶಯ ಉಳಿಸಿದರೋ ಇಲ್ಲವೋ, ಗಂಟು ಇತ್ತೋ ಇಲ್ಲವೋ, ಇಷ್ಟನ್ನೂ ಬರೆಸಿಕೊಳ್ಳಿ. 6ರಿಂದ 12 ವಾರದೊಳಗೆ ಮತ್ತೊಂದು ಸ್ಕ್ಯಾನ್‌ನ ದಿನಾಂಕವೂ ಅದರಲ್ಲೇ ಇರಲಿ. ಮತ್ತೆ ಅದೇ ಥರ ನೋವು ಬಂದರೆ, ಇನ್ನೊಂದು ಬದಿಗೇ ಬಂದರೂ, ಆ ಕಾರ್ಡ್ ಹಿಡಿದುಕೊಂಡು ಅವತ್ತೇ ಆಸ್ಪತ್ರೆಗೆ ಹೋಗಿ.