ಕೈಗೆ ಸಿಕ್ಕ ಮಾತ್ರಕ್ಕೆ ಲಿವರ್ ಊದಿದೆ ಅಂತಲ್ಲ

"ಬಲ ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿ. ಗಟ್ಟಿಯಾಗಿ ಸಿಕ್ಕರೆ ಲಿವರ್ ಊದಿದೆ, ಸಿಗದಿದ್ದರೆ ಆರಾಮ." ವಾಟ್ಸಾಪ್‌ನಲ್ಲಿ ಓಡಾಡುವ ಈ ಎರಡೂ ಮಾತು ತಪ್ಪು.

ಡಾಕ್ಟರು ಹೊಟ್ಟೆ ಮುಟ್ಟುವಾಗ "ಜೋರಾಗಿ ಉಸಿರು ಎಳೀರಿ" ಅಂತಾರಲ್ವಾ? ಆಗ ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿದು ಲಿವರಿನ ಅಂಚನ್ನು ಅವರ ಬೆರಳಿನತ್ತ ತಳ್ಳುತ್ತದೆ. ಆರೋಗ್ಯವಂತರಲ್ಲೂ ಅದು ತಾಗಬಹುದು. ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆ ಇದ್ದವರಲ್ಲಿ ಉಬ್ಬಿದ ಶ್ವಾಸಕೋಶವೇ ಲಿವರನ್ನು ಕೆಳಕ್ಕೆ ಒತ್ತಿರುತ್ತದೆ. ಅದಕ್ಕೇ ಎದೆಯ ಮೇಲೆ ಬೆರಳಿಟ್ಟು ತಟ್ಟಿ ಮೇಲಂಚನ್ನೂ ಹುಡುಕುತ್ತಾರೆ. ಟೊಳ್ಳು ಸದ್ದು ಮಂದವಾದ ಕಡೆ ಲಿವರ್ ಶುರು. ದೊಡ್ಡವರಲ್ಲಿ ಅಲ್ಲಿಂದ ಕೆಳಗಿನ ಅಂಚಿಗೆ ಸುಮಾರು 6ರಿಂದ 12 ಸೆಂ.ಮೀ. ಸಹಜ.

ಸಿಗದಿದ್ದರೆ ನೆಮ್ಮದಿಯೇ? ಸಿರೋಸಿಸ್‌ನಲ್ಲಿ (ಲಿವರ್ ಕಲೆಗಟ್ಟಿ ಗಡಸಾಗುವ ಕಾಯಿಲೆ) ಲಿವರ್ ಕುಗ್ಗಿ ಕೈಗೇ ಸಿಗದಿರಬಹುದು. ನನಗೆ ಜಾಸ್ತಿ ಭಯ ಇದರದ್ದೇ. ಕಣ್ಣು ಹಳದಿಯಾಗಿದ್ದರೆ, ಹೊಟ್ಟೆ ಉಬ್ಬಿದ್ದರೆ ಸುಮ್ನೆ ಒತ್ತಿಕೊಂಡು ಕೂರಬೇಡಿ. ಡಾಕ್ಟರಿಗೆ ತೋರಿಸಿ, ಅವರು ಹೇಳಿದ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿ.